ಸದ್ದಿಲ್ಲದ ರಾಟೆ

ಭದ್ರಾವತಿ
೬ ಫೆಬ್ರವರಿ ೧೯೬೭

ಕುಮಾರಿ ಜಯಶೀಲಾ ಅವರ ಸನ್ನಿಧಾನಕ್ಕೆ,

ಇಲ್ಲಿ ಕ್ಷೇಮವಿಲ್ಲ. ಅಲ್ಲಿಯ ಕ್ಷೇಮ ಕೇಳುವ ಮನಸ್ಸೂ ನನಗಿಲ್ಲ. ತಾವು ಲೋಹ ಸಂಶೋಧನಾ ಕೇಂದ್ರದ ಸುರಕ್ಷತಾಧಿಕಾರಿಗಳು, ನಾನು ಪ್ರೈಮರಿ ಶಾಲೆಯ ಮೇಡಂ. ಒಂದೇ ಬೆಂಚಿನಲ್ಲಿ ಕೂತು ಓದಿದ್ದನ್ನು ತಾವು ಮರೆತಿರುವುದರಿಂದ ನಾನೂ ಮರೆತು, ತಾವು ಎಂದೇ ಬರೆಯುತ್ತೇನೆ.

ಹೊಸ ವರ್ಷದ ಮೊದಲ ವಾರ ತಮ್ಮ ಜೀಪು ನ್ಯೂ ಟೌನ್ ದಾಟಿ ನಮ್ಮ ಬೀದಿಗೆ ಬಂತು. ತಾವು ರಬ್ಬರ್ ಗವಸು ತೊಟ್ಟು ಇಳಿದಿರಿ. ನಮ್ಮ ಬಾವಿಕಟ್ಟೆಯ ಮಣ್ಣನ್ನು ಡಬ್ಬಿಗೆ ತುಂಬಿದಿರಿ, ನೀರು ಸೇದಿಸಿ ಬಾಟಲಿಗೆ ತುಂಬಿದಿರಿ. ನಮ್ಮ ಅಬ್ಬಾ ಲೋಟ ಹಿಡಿದು ಓಡಿ ಬಂದರು. ತಮ್ಮದೇ ಕೇಂದ್ರದಲ್ಲಿ ಜೀಪು, ಪಂಪು ಬಿಚ್ಚಿ ಕಟ್ಟುವ ಮೆಕ್ಯಾನಿಕ್ ರಸೂಲ್ ಸಾಬ್, ನೆನಪಿರಬಹುದು. "ಎಷ್ಟ್ ವರ್ಷ ಆಯ್ತು ಬೇಟಿ ನೀ ಈ ಕಡೆ ಬಂದು! ಒಂದ್ ಲೋಟ ನೀರಾದ್ರೂ ಕುಡಿ" ಎಂದರು. ತಾವು ಗವಸಿನ ಕೈ ಅಡ್ಡ ಹಿಡಿದು "ಬೇಡ" ಎಂದಿರಿ. ಅಷ್ಟೇ. ಒಂದು ನಗುವೂ ಇಲ್ಲ. ಇಡೀ ಬೀದಿ ಬಾಗಿಲಲ್ಲಿ ನಿಂತು ನೋಡುತ್ತಿತ್ತು.

ಮೊನ್ನೆ ತಮ್ಮ ಕಡೆಯವರು ಬಂದು ಬಾವಿಕಟ್ಟೆಗೆ ಕೆಂಪು ಬಣ್ಣ ಬಳಿದು ಹೋದರು. ಕಾರಣ ಕೇಳಿದರೆ "ಆರ್ಡರ್" ಎಂದರು. ಎದುರುಮನೆ ಹಾಲಮ್ಮ ಮದುವೆಯಾಗಿ ಬಂದಾಗಿನಿಂದ ನಮ್ಮ ಬಾವಿಯ ನೀರನ್ನೇ ಕುಡಿದವಳು. ಈಗ ಕೊಡ ಹೊತ್ತು ನ್ಯೂ ಟೌನಿನ ನಲ್ಲಿಯವರೆಗೆ ಹೋಗುತ್ತಾಳೆ. "ಆ ಯಂತ್ರದ ಕೇಂದ್ರದ ಹುಡ್ಗೀನೇ ಕುಡೀಲಿಲ್ಲ ಅಂದ್ಮೇಲೆ ನಾವ್ಯಾಕೆ ಕುಡೀಬೇಕು ಮಾರಾಯ್ತಿ?" ಎಂದು ನನ್ನನ್ನೇ ಕೇಳಿದಳು. ಈಗ ಕೊಡದ ಸದ್ದಿಲ್ಲ, ರಾಟೆ ತಿರುಗುವುದಿಲ್ಲ, ಬಾವಿಯ ಹತ್ತಿರ ಕಾಗೆ ಕೂಡ ಕೂರುವುದಿಲ್ಲ. ನನ್ನ ಅಜ್ಜ ತೋಡಿಸಿದ ಬಾವಿ ಅದು. ಅದಕ್ಕೇನು ರೋಗ ಬಂದಿದೆ ಎಂದು ಹೇಳುವ ಸೌಜನ್ಯ ತೋರಿಸಿ.

ಇಂತಿ,
ಫಿರೋಜಾ


ಶಿವಮೊಗ್ಗ
೧೧ ಫೆಬ್ರವರಿ ೧೯೬೭

ಫಿರೋಜಾ,

ನಿನ್ನ ವ್ಯಂಗ್ಯ ಓದಿದೆ. ನನಗೆ ತಾವು ಎಂದು ಬರೆಯಲು ಬರುವುದಿಲ್ಲ, ಕ್ಷಮಿಸು. ಇನ್ನು ಮುಂದೆಯೂ ಈ ಮನೆಯ ವಿಳಾಸಕ್ಕೇ ಬರಿ, ಕೇಂದ್ರದಲ್ಲಿ ಕಾಗದ ಒಡೆದು ಓದುತ್ತಾರೆ.

ಮಾದರಿ ತೆಗೆಯುವಾಗ ಅಲ್ಲಿಯ ನೀರು, ಊಟ ಏನನ್ನೂ ಮುಟ್ಟಬಾರದು ಎಂಬುದು ನಿಯಮ. ನಾನೇ ಬರೆದ ನಿಯಮ. ಅದನ್ನು ಬೀದಿಯ ಮಧ್ಯೆ ನಿಂತು ವಿವರಿಸಲು ನಾನು ಭಾಷಣಕ್ಕೆ ಬಂದಿರಲಿಲ್ಲ.

ರೋಗ ಏನೆಂದು ಕೇಳಿದ್ದೀಯ. ನಮ್ಮ ಕೇಂದ್ರದ ಯಂತ್ರ ಅಣುವಿನ ಕಣಗಳನ್ನು ಭಾರಿ ವೇಗದಲ್ಲಿ ಓಡಿಸಿ ಒಂದು ತಗಡಿಗೆ ಹೊಡೆಸುತ್ತದೆ. ಉಕ್ಕಿನಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಅಳೆಯಲು ಅದು ಬೇಕು. ಆ ತಗಡಿಗೆ ಟ್ರಿಟಿಯಂ ಎಂಬ ವಸ್ತುವಿನ ಲೇಪವಿದೆ. ಅದು ಜಲಜನಕದ ಜಾತಿಯದೇ, ಆದರೆ ವಿಕಿರಣ ಸೂಸುತ್ತದೆ. ನೀರಿಗೆ ಸೇರಿದರೆ ನೀರೇ ಆಗಿಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಸೋಸಿದರೂ ಕುದಿಸಿದರೂ ಹೋಗುವುದಿಲ್ಲ. ಅದು ಮಣ್ಣಿಗೆ, ಬಾವಿಗೆ ಇಳಿಯದಂತೆ ಕಾಯುವುದೇ ನನ್ನ ಕೆಲಸ. ಸುತ್ತಲಿನ ಎಲ್ಲ ಬಾವಿಗಳ ನೀರನ್ನೂ ಪರೀಕ್ಷೆಗೆ ಬೊಂಬಾಯಿಯ ಪ್ರಯೋಗಾಲಯಕ್ಕೆ ಕಳಿಸಿದ್ದೆ. ನಿಮ್ಮ ಬಾವಿಯಲ್ಲಿ ಅದು ಸಿಕ್ಕಿದೆ. ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು.

ಒಂದು ಪ್ರಶ್ನೆ. ಕೋಪ ಮಾಡಿಕೊಳ್ಳದೆ ಉತ್ತರಿಸು. ಬಾವಿಗೆ ಯಾರಾದರೂ ಏನನ್ನಾದರೂ ಹಾಕಿದ್ದಾರೆಯೇ?

ಜಯಶೀಲಾ


ಭದ್ರಾವತಿ
೨ ಮಾರ್ಚ್ ೧೯೬೭

ಜಯಶೀಲಾ,

ಕೋಪ ಮಾಡಿಕೊಳ್ಳದೆ ಉತ್ತರಿಸಲು ಇಷ್ಟು ದಿನ ಪ್ರಯತ್ನಪಟ್ಟೆ. ಆಗಲಿಲ್ಲ.

ವಿಷದ ಯಂತ್ರ ಇಟ್ಟುಕೊಂಡವರು ನೀವು. ಅದಕ್ಕೆ ಬೇಲಿ ಹಾಕಿ ಕಾವಲು ಕೂರಿಸಿದವರು ನೀವು. ನಮ್ಮ ಬಾವಿಗೆ ಅದು ಬಂದರೆ, ಏನು ಹಾಕಿದಿರಿ ಎಂದು ಕೇಳುವುದು ನಮ್ಮನ್ನು! ನಮ್ಮ ಮನೆಯಲ್ಲಿ ಬಾವಿಗೆ ಹಾಕುವುದು ಕೊಡವೊಂದೇ ಮಾರಾಯ್ತಿ. ನಿನ್ನ ಆ ಪ್ರಶ್ನೆಯನ್ನು ನೀನು ನನಗೊಬ್ಬಳಿಗೇ ಕೇಳಲಿಲ್ಲ. ನಿಮ್ಮ ಕೇಂದ್ರದವರು ಮನೆಮನೆಗೆ ಹೋಗಿ ಕೇಳಿದರು. ಈಗ ಬೀದಿಯಲ್ಲಿ ಸಾಬರು ಬಾವಿಗೆ ಏನೋ ಹಾಕಿದ್ದಾರಂತೆ ಎಂಬ ಮಾತು ಹುಟ್ಟಿದೆ. ನಿನ್ನೆ ಶಾಲೆಯಲ್ಲಿ ಒಂದು ಮಗು ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಳ್ಳಲಿಲ್ಲ. ಮಗುವಿನ ತಪ್ಪೇನು, ಮನೆಯಲ್ಲಿ ಹೇಳಿಕೊಟ್ಟಿದ್ದಾರೆ.

ಮೊನ್ನೆ ನಿಮ್ಮ ಕೇಂದ್ರದ ಡಾಕ್ಟರು ಬಂದು ಪರೀಕ್ಷೆಗೆಂದು ನನ್ನ, ಅಬ್ಬಾನ ಮೂತ್ರವನ್ನೂ ಬಾಟಲಿಯಲ್ಲಿ ತುಂಬಿಸಿಕೊಂಡು ಹೋದರು. ಅಬ್ಬಾಗೆ ಎಷ್ಟು ನಾಚಿಕೆಯಾಯಿತು ಎಂದರೆ, ಆ ದಿನ ಮಸೀದಿಗೂ ಹೋಗಲಿಲ್ಲ. ಹೋಗುವಾಗ ಡಾಕ್ಟರು "ಚೆನ್ನಾಗಿ ನೀರು ಕುಡೀರಿ, ಮೈಯಲ್ಲಿರೋದು ತಾನಾಗೇ ಹೋಗುತ್ತೆ" ಎಂದರು. ಬಾವಿಗೆ ಕೆಂಪು ಬಳಿದು ಚೆನ್ನಾಗಿ ನೀರು ಕುಡಿಯಬೇಕಂತೆ. ನಾನು ನಕ್ಕುಬಿಟ್ಟೆ. ನನ್ನ ಹಿಂದೆ ಅಬ್ಬಾನೂ ನಕ್ಕರು, ಪಾಪ.

ಇವತ್ತು ಪುರಸಭೆಯ ನೋಟೀಸು ಬಂದಿದೆ. ಈ ತಿಂಗಳು ಮುಗಿಯುವುದರೊಳಗೆ ನಿಮ್ಮ ಕೇಂದ್ರ ಕಾರಣ ತಿಳಿಸದಿದ್ದರೆ ಬಾವಿಗೆ ಮಣ್ಣು ತುಂಬಿ ಮುಚ್ಚುತ್ತಾರಂತೆ. ಇಷ್ಟಾದರೂ ಅಬ್ಬಾ ಹೇಳುವುದೇನು ಗೊತ್ತೇ? "ಜಯಾ ತಪ್ಪು ಲೆಕ್ಕ ಮಾಡೋ ಹುಡ್ಗಿ ಅಲ್ಲ." ಅವರಿಗೆ ನಿನ್ನ ಮೇಲಿರುವ ನಂಬಿಕೆ ಕಂಡರೆ ನನಗೆ ಮೈ ಉರಿಯುತ್ತದೆ.

ಫಿರೋಜಾ


ಶಿವಮೊಗ್ಗ
೧೦ ಮಾರ್ಚ್ ೧೯೬೭

ಫಿರೋಜಾ,

ಮನೆಮನೆಗೆ ಹೋಗಿ ಕೇಳಿ ಎಂದು ನಾನು ಹೇಳಿರಲಿಲ್ಲ. ನಂಬಿದರೆ ನಂಬು.

ನನಗೂ ನಿದ್ದೆಯಿಲ್ಲ. ನಮ್ಮ ಯಂತ್ರದ ಕೋಣೆಯಿಂದ ಸೋರಿ, ನೆಲದೊಳಗೆ ಹರಿದು ಬಂದಿದ್ದರೆ ಮೊದಲು ಬೇಲಿಯ ಪಕ್ಕದ ಉಜ್ಜನಪ್ಪನವರ ಬಾವಿ ಕೆಡಬೇಕಿತ್ತು. ಅದು ಶುದ್ಧವಾಗಿದೆ. ಆಮೇಲೆ ದೇವಸ್ಥಾನದ ಬಾವಿ ಕೆಡಬೇಕಿತ್ತು. ಅದೂ ಶುದ್ಧ. ಎರಡನ್ನೂ ದಾಟಿ ನಿಮ್ಮ ಬಾವಿಗೆ ಮಾತ್ರ ಅದು ಹೇಗೆ ಬಂತು? ನಡುವಿನ ಹೊಲದಲ್ಲಿ ಗುಂಡಿ ತೋಡಿಸಿ ನೋಡಿದೆ, ಮಣ್ಣಿನಲ್ಲಿ ಏನೂ ಇಲ್ಲ. ನಿಮ್ಮ ಕಟ್ಟೆಯ ಸುತ್ತಲಿನ ಮಣ್ಣಿನಲ್ಲಿ ಮಾತ್ರ ಇದೆ, ಅದೂ ಮೇಲಿನ ಪದರದಲ್ಲಿ. ಕೆಳಗೆ ಹೋದ ಹಾಗೆ ಕಡಿಮೆ. ಅಂದರೆ ಅದು ನೆಲದೊಳಗಿಂದ ಬಂದದ್ದಲ್ಲ. ಮೇಲಿನಿಂದ ಬಿದ್ದದ್ದು.

ನಮ್ಮ ಡೈರೆಕ್ಟರಿಗೆ ಇಷ್ಟೇ ಸಾಕು. ಯಂತ್ರ ಸೋರುತ್ತಿಲ್ಲ, ಉಳಿದದ್ದು ನಮಗೆ ಸಂಬಂಧಿಸಿದ್ದಲ್ಲ ಎಂದು ವರದಿ ಬರೆದು ಮುಗಿಸು ಎನ್ನುತ್ತಾರೆ. ನಾನು ಮುಗಿಸಿಲ್ಲ. ಇನ್ನೊಮ್ಮೆ ಬಂದು ನೋಡಬೇಕು. ಬಾವಿಯ ಮೇಲೆ, ಒಳಗೆ, ಎಲ್ಲ ಕಡೆ. ಬಾವಿ ಉಳಿಯಬೇಕೆಂದಿದ್ದರೆ ಬರಲು ಬಿಡು.

ಜಯಶೀಲಾ


ಭದ್ರಾವತಿ
೧೫ ಮಾರ್ಚ್ ೧೯೬೭

ಜಯಶೀಲಾ,

ಬರಬೇಡ. ನಮ್ಮ ಬಾವಿಯ ಹತ್ತಿರ ನೀನು ಇನ್ನೊಮ್ಮೆ ಗವಸು ಹಾಕಿಕೊಂಡು ನಿಂತರೆ ನಾನೇನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ನಿಯಮ ಎಂದು ಬರೆದೆಯಲ್ಲ, ಅದಕ್ಕೆ ಹೇಳುತ್ತೇನೆ. ನಿಮ್ಮಪ್ಪ ಷಣ್ಮುಖಪ್ಪನವರ ಅಂಗಡಿ ಇಲ್ಲೇ ಇದ್ದಾಗ ನೀನು ಶಾಲೆ ಬಿಟ್ಟ ಕೂಡಲೇ ನಮ್ಮನೆಗೆ ಓಡಿ ಬರುತ್ತಿದ್ದೆ. ರಾಟೆ ಕಿರುಗುಟ್ಟಿದರೆ ಅಮ್ಮಿ ಒಳಗಿಂದಲೇ "ಜಯಾ ಬಂದ್ಲು" ಎನ್ನುತ್ತಿದ್ದಳು. ನೀನೇ ಸೇದಿ, ಬಗ್ಗಿ, ಬೊಗಸೆಯಲ್ಲಿ ಕುಡಿಯುತ್ತಿದ್ದೆ. ಮೂಗಿಗೆ ನೀರು ಹೋಗಿ ಕೆಮ್ಮುತ್ತಿದ್ದೆ. ಆಮೇಲೆ ನಿನಗೆ ದೀಕ್ಷೆಯಾಯಿತು. ಕಂಡವರ ಮನೆಯ ನೀರು ಕುಡಿಯಬಾರದು ಎಂದರಂತೆ. ಅಮ್ಮಿ ಏನು ಮಾಡಿದಳು ನೆನಪಿದೆಯೇ? ಯಾರೂ ಮುಟ್ಟದ ಹೊಸ ಹಿತ್ತಾಳೆ ತಂಬಿಗೆ ತಂದು, ಹುಣಸೆಹಣ್ಣು ಹಾಕಿ ಬೆಳಗಿ, "ಇದು ಜಯಾಂದು, ಇದ್ರಲ್ಲಾದ್ರೂ ಕುಡೀತಾಳೆ" ಎಂದು ಗೂಡಿನಲ್ಲಿಟ್ಟಳು. ನೀನು ಮನೆಯಿಂದ ನಿನ್ನದೇ ನೀರು ತಂದು ನಮ್ಮ ಜಗಲಿಯಲ್ಲಿ ಕೂತು ಕುಡಿದೆ. ಅಮ್ಮಿ ಆ ತಂಬಿಗೆಯನ್ನು ಬೇರೆ ಯಾರಿಗೂ ಕೊಡಲಿಲ್ಲ. ಅವಳು ಹೋದ ಮೇಲೂ ಅದು ಅಲ್ಲೇ ಇದೆ.

ಆಗ ದೀಕ್ಷೆಯ ನೆಪ, ಈಗ ಯಂತ್ರದ ನೆಪ. ಕುಡಿಯದಿರಲು ನಿನಗೆ ಯಾವಾಗಲೂ ಒಂದು ಕಾರಣ ಸಿಗುತ್ತದೆ. ನನಗೆ ನಿನ್ನನ್ನು ಕಂಡರೆ ಆಗುವುದಿಲ್ಲ ಜಯಾ. ಇದನ್ನು ಬಾಯಿಬಿಟ್ಟು ಹೇಳಿ ಹಗುರವಾಯಿತು.

ಫಿರೋಜಾ


ಶಿವಮೊಗ್ಗ
೨೨ ಮಾರ್ಚ್ ೧೯೬೭

ಫಿರೋಜಾ,

ದೀಕ್ಷೆಯ ಮಾತು ನನ್ನದು. ಅದನ್ನು ನೀನು ಎತ್ತಬೇಡ.

ಆದರೆ ನಿನ್ನ ಬೈಗುಳವನ್ನು ಎರಡು ಸಲ ಓದಿದೆ. ರಾಟೆ ಕಿರುಗುಟ್ಟಿದರೆ ಜಯಾ ಬಂದಳು ಎಂದು ಗೊತ್ತಾಗುತ್ತಿತ್ತು ಎಂದು ಬರೆದಿದ್ದೀಯ. ಹೌದು, ಆ ರಾಟೆ ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಜನವರಿಯಲ್ಲಿ ನಮ್ಮ ಡ್ರೈವರು ಅದೇ ಬಾವಿಯಿಂದ ನೀರು ಸೇದಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಸದ್ದೇ ಆಗಲಿಲ್ಲ. ಕೊಡ ಬೆಣ್ಣೆಯ ಹಾಗೆ ಜಾರಿ ಇಳಿಯಿತು.

ಅದಕ್ಕೆ ಎಣ್ಣೆ ಹಾಕಿದ್ದಾರೆ. ಯಾವ ಎಣ್ಣೆ?

ನಮ್ಮ ಯಂತ್ರದ ಕೊಳವೆಯಿಂದ ಗಾಳಿಯನ್ನೆಲ್ಲ ಹೀರಿ ತೆಗೆಯುವ ಪಂಪು ಒಂದಿದೆ. ತಗಡಿನಿಂದ ಎದ್ದ ಟ್ರಿಟಿಯಂ ಬಂದು ಆ ಪಂಪಿನ ಎಣ್ಣೆಯಲ್ಲೇ ಸೇರಿಕೊಳ್ಳುತ್ತದೆ. ಎಣ್ಣೆ ಬದಲಾಯಿಸುವವರು ನಿನ್ನ ತಂದೆ. ಹಳೆಯದನ್ನು ಪೀಪಾಯಿಗೆ ಸುರಿಯಬೇಕು, ಪೀಪಾಯಿಯನ್ನು ಮುಚ್ಚಿಡಬೇಕು. ನೋಡಲು ಅದು ಲಾರಿಯ ಎಣ್ಣೆಯಂತೆ ಕರಿ ಹಿಡಿದಿರುವುದಿಲ್ಲ. ತಿಳಿಯಾಗಿ, ಹೊಸದರಂತೆಯೇ ಇರುತ್ತದೆ. ಯಾವ ಮೆಕ್ಯಾನಿಕ್ಕಿಗೂ ಅದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ. ರಾಟೆಯ ಅಚ್ಚಿಗೆ ಬಿಟ್ಟದ್ದು ಹಗ್ಗ ಹಿಡಿದು ನೀರಿಗೆ ಇಳಿದಿದೆ, ಕಟ್ಟೆಯ ಮಣ್ಣಿಗೆ ತೊಟ್ಟಿಕ್ಕಿದೆ. ಎಲ್ಲವೂ ಹೊಂದುತ್ತದೆ.

ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ಬಾವಿ ಉಳಿಯುತ್ತದೆ. ರಾಟೆ, ಹಗ್ಗ, ಮೇಲ್ಮಣ್ಣು ತೆಗೆಸಿ, ನೀರನ್ನು ಪೂರ್ತಿ ಖಾಲಿ ಮಾಡಿಸಿದರೆ ಮಳೆಗಾಲದ ಹೊತ್ತಿಗೆ ಶುದ್ಧವಾಗುತ್ತದೆ. ಆದರೆ ಡೈರೆಕ್ಟರು ಅದನ್ನು ಕಳ್ಳತನ ಎನ್ನುತ್ತಾರೆ. ಹೇಳದಿದ್ದರೆ ನಿನ್ನ ತಂದೆಯ ಕೆಲಸ ಉಳಿಯುತ್ತದೆ, ಬಾವಿಗೆ ಮಣ್ಣು ಬೀಳುತ್ತದೆ. ಸೋಮವಾರದವರೆಗೆ ಸುಮ್ಮನಿರುತ್ತೇನೆ. ಆಮೇಲೆ ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ. ಎಣ್ಣೆ ಉಳಿದಿದ್ದರೆ ಯಾರೂ ಮುಟ್ಟಬೇಡಿ.

ಜಯಶೀಲಾ


ಭದ್ರಾವತಿ
೯ ಏಪ್ರಿಲ್ ೧೯೬೭

ಜಯಶೀಲಾ,

ಆದದ್ದು ನಿನಗೆ ಗೊತ್ತು. ಆದರೂ ನನ್ನ ಬಾಯಿಂದ ಕೇಳು.

ನಿನ್ನ ಕಾಗದ ಓದಿ ಒಲೆಗೆ ಹಾಕಲು ಹೊರಟೆ. ಸತ್ಯ ಹೇಳುತ್ತೇನೆ, ಬಾವಿ ಹೋದರೆ ಹೋಗಲಿ, ಅಬ್ಬಾನನ್ನು ಯಾರೂ ಕಳ್ಳ ಎನ್ನಬಾರದು ಎಂದುಕೊಂಡೆ. ಅಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತಿದ್ದರು. "ಜಯಾ ಏನ್ ಬರ್ದಿದ್ದಾಳೆ?" ಎಂದರು. ಏನಿಲ್ಲ ಎಂದೆ. "ಏನಿಲ್ದೇ ಇದ್ರೆ ಒಲೆಗ್ಯಾಕೆ ಹಾಕ್ತೀಯ?" ಎಂದರು. ಓದಿ ಹೇಳಿದೆ.

ಅವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಅಂದರು: "ಅಂಥಾ ಚಿನ್ನದಂಥಾ ಎಣ್ಣೆ. ಪೀಪಾಯಿಗೆ ಸುರಿಯೋವಾಗ ಹೊಟ್ಟೆ ಉರೀತಿತ್ತು. ಹಾಲಮ್ಮಂಗೆ ವಯಸ್ಸಾಯ್ತು, ಸೇದಕ್ಕೆ ಹಗುರಾಗ್ಲಿ ಅಂತ ಒಂದ್ ಡಬ್ಬಿ ತಂದು ರಾಟೆಗೆ ಬಿಟ್ಟೆ." ನಾನು ಸುಮ್ಮನಿರಿ, ಯಾರಿಗೂ ಹೇಳಬೇಡಿ ಎಂದು ಕಾಲು ಹಿಡಿದೆ. "ಬಾವಿ ನಂದಲ್ಲ ಬೇಟಿ, ಬೀದೀದು. ಹಾಲಮ್ಮ ಆ ನೀರು ಕುಡಿದಿದ್ದಾಳೆ, ನಿಮ್ಮಮ್ಮಿ ಹೋಗೋವಾಗ ಬಾಯಿಗೆ ಬಿಟ್ಟಿದ್ದೂ ಅದೇ ನೀರು" ಎಂದರು. ರಾಟೆ ಬಿಚ್ಚಿ ಗೋಣಿಯಲ್ಲಿ ಸುತ್ತಿ, ಉಳಿದ ಎಣ್ಣೆಯ ಡಬ್ಬಿ ಹಿಡಿದು, ನಿಮ್ಮ ಗೇಟಿನವರೆಗೆ ನಡೆದರು. ಬೀದಿಯವರೆಲ್ಲ ನೋಡಿದರು. ಈ ಸಲವೂ.

ಡೈರೆಕ್ಟರು ಅವರನ್ನು ನಿಲ್ಲಿಸಿಯೇ ಮಾತಾಡಿದರಂತೆ. ಕೆಲಸ ಹೋಯಿತು. ಪೀಪಾಯಿಯ ಮೇಲೆ ಬರೆದಿತ್ತಲ್ಲ, ಓದಲಿಲ್ಲವೇ ಎಂದರಂತೆ. ನಾನು ನಿನ್ನನ್ನು ಕೇಳುತ್ತೇನೆ. ಅಬ್ಬಾಗೆ ಉರ್ದು ಬರುತ್ತದೆ, ಕನ್ನಡ ಬರುತ್ತದೆ. ಪೀಪಾಯಿಯ ಮೇಲೆ ಇಂಗ್ಲಿಷಿನಲ್ಲಿ ಬರೆಸಿದವರು ಯಾರು? ನಿನಗಾಗಿಯೇ ಬರೆಸಿಕೊಂಡೆಯಾ?

ನೀನು ಕಂಡುಹಿಡಿದದ್ದು ಸರಿಯಾಗಿತ್ತು. ಅದಕ್ಕೇ ನಿನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು.

ಫಿರೋಜಾ


ಶಿವಮೊಗ್ಗ
೧೮ ಏಪ್ರಿಲ್ ೧೯೬೭

ಫಿರೋಜಾ,

ಬರೆಸಿದವಳು ನಾನೇ. ಈಗ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿದ್ದೇನೆ, ಪೀಪಾಯಿಗೆ ಬೀಗ ಹಾಕಿಸಿದ್ದೇನೆ. ನಿನ್ನ ತಂದೆಗೆ ಇದರಿಂದ ಏನೂ ಪ್ರಯೋಜನವಿಲ್ಲ ಎಂದು ನನಗೆ ಗೊತ್ತು.

ವರದಿಯಲ್ಲಿ ಕಳ್ಳತನ ಎಂಬ ಪದ ಹಾಕು ಎಂದರು. ಹಾಕಲಿಲ್ಲ. ಹಳೆಯ ಎಣ್ಣೆ ಅಪಾಯ ಎಂದು ಕೆಲಸಗಾರನಿಗೆ ಅವನ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ ಎಂದು ಬರೆದೆ. ಡೈರೆಕ್ಟರು ಈಗ ನನ್ನ ಜೊತೆ ಮಾತಾಡುವುದಿಲ್ಲ. ನಿನ್ನ ತಂದೆಯನ್ನು ವಾಪಸ್ಸು ತೆಗೆದುಕೊಳ್ಳಲೂ ಇಲ್ಲ. ಕೇಳಿದೆ, ಎರಡು ಸಲ ಕೇಳಿದೆ.

ನಿಮ್ಮಿಬ್ಬರ ಪರೀಕ್ಷೆಯ ಫಲ ಬಂದಿದೆ. ಇದ್ದದ್ದು ಅಲ್ಪ, ಇಷ್ಟು ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ಹಾಲಮ್ಮನಿಗೂ ಭಯವಿಲ್ಲ. ನಾಳೆಯಿಂದ ಬಾವಿ ಖಾಲಿ ಮಾಡಿಸುವ ಕೆಲಸ ಶುರು. ತೆಗೆದ ನೀರು, ಮಣ್ಣು ಎರಡನ್ನೂ ಕೇಂದ್ರದೊಳಗಿನ ತೊಟ್ಟಿಗೆ ಒಯ್ಯುತ್ತಾರೆ, ನಿಮ್ಮ ಚರಂಡಿಗೆ ಬಿಡುವುದಿಲ್ಲ. ನಾನು ಬರುವುದಿಲ್ಲ, ಬೇರೆಯವರನ್ನು ಕಳಿಸುತ್ತೇನೆ. ನೀನು ಬೇಡ ಎಂದದ್ದು ನೆನಪಿದೆ.

ಜಯಶೀಲಾ


ಭದ್ರಾವತಿ
೩ ಸೆಪ್ಟೆಂಬರ್ ೧೯೬೭

ಜಯಶೀಲಾ,

ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಅಬ್ಬಾ ಬಿಡುತ್ತಿಲ್ಲ.

ಬಾವಿ ತುಂಬಿದೆ. ಕೆಂಪು ಬಣ್ಣವನ್ನು ನಾನೇ ಇಟ್ಟಿಗೆ ಚೂರಿನಿಂದ ಉಜ್ಜಿ ತೆಗೆದೆ, ಅಂಗೈ ಬೊಬ್ಬೆ ಬಂತು. ಹೋದ ತಿಂಗಳೂ ಅದರ ಹಿಂದಿನ ತಿಂಗಳೂ ನೀರಿನಲ್ಲಿ ಏನೂ ಇಲ್ಲ ಎಂದು ನಿಮ್ಮವರು ಬರೆದು ಕೊಟ್ಟರು. ಬೀದಿಯವರು ಮತ್ತೆ ಬರುತ್ತಾರೆ. ಮೊದಲು ಬಂದವಳು ಹಾಲಮ್ಮ. ಹೊಸ ರಾಟೆ ಹಳೆಯದಕ್ಕಿಂತ ಜೋರಾಗಿ ಅರಚುತ್ತದೆ. "ಎಣ್ಣೆ ಗಿಣ್ಣೆ ಹಾಕೀಯಪ್ಪಾ ರಸೂಲಣ್ಣ, ನಿನ್ ದಮ್ಮಯ್ಯ, ಅರಚ್ಲಿ ಬಿಡು" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಅಬ್ಬಾ ನಗುವುದಿಲ್ಲ. ಅವರು ಈಗ ಆಯನೂರಿನಲ್ಲಿ ಒಬ್ಬರ ಲಾರಿಗಳನ್ನು ರಿಪೇರಿ ಮಾಡುತ್ತಾರೆ, ಬಸ್ಸಿನಲ್ಲಿ ಅಲ್ಲಾಡಿಕೊಂಡು ಹೋಗಿ ಕತ್ತಲಾದ ಮೇಲೆ ಬರುತ್ತಾರೆ. ಅದಕ್ಕಾಗಿ ನಿನ್ನನ್ನು ಕ್ಷಮಿಸಿದ್ದೇನೆ ಎಂದು ಭಾವಿಸಬೇಡ.

ಇದನ್ನು ತರುವ ಅಸದುಲ್ಲಾ ನಮ್ಮ ಪಕ್ಕದ ಮನೆಯವನು, ಶಿವಮೊಗ್ಗ ಬಸ್ಸಿನ ಡ್ರೈವರು. ಅವನ ಕೈಲಿ ಒಂದು ತಂಬಿಗೆ ಇದೆ, ಬಾಯಿಗೆ ಬಟ್ಟೆ ಕಟ್ಟಿದೆ. ಅಮ್ಮಿಯದು. ಅಬ್ಬಾ ಇವತ್ತು ಮುಂಜಾನೆ ಗೂಡಿನಿಂದ ತೆಗೆದು ಬೆಳಗಿ, ತಾವೇ ಸೇದಿ ತುಂಬಿದರು. "ಈ ತಿಂಗಳ ಸ್ಯಾಂಪಲ್ಲು ಜಯಾಗೆ ನಾನೇ ಕಳಿಸ್ತೀನಿ" ಎಂದರು. ಇಂಥ ತಂಬಿಗೆಯಲ್ಲಿ ಸ್ಯಾಂಪಲ್ಲು ತೆಗೆಯುವುದಿಲ್ಲ ಅಬ್ಬಾ ಎಂದೆ. ಕೇಳಲಿಲ್ಲ. ನೀನು ಬಾಟಲಿಗೆ ಸುರಿದುಕೊಂಡು ಖಾಲಿ ತಂಬಿಗೆ ವಾಪಸ್ಸು ಕಳಿಸು. ಮತ್ತೇನೂ ಬರೆಯುವ ಅಗತ್ಯವಿಲ್ಲ.

ಫಿರೋಜಾ


ಶಿವಮೊಗ್ಗ
೪ ಸೆಪ್ಟೆಂಬರ್ ೧೯೬೭

ಫಿರೋಜಾ,

ಈ ತಿಂಗಳ ಮಾದರಿ ಪರೀಕ್ಷೆಗೆ ಉಳಿಯಲಿಲ್ಲ. ಕುಡಿದುಬಿಟ್ಟೆ.

ಸ್ಯಾಂಪಲ್ಲು ತಂದಿದ್ದೇನೆ ಎಂದು ಅಸದುಲ್ಲಾ ನಿನ್ನೆ ಹೇಳಿಕಳಿಸಿದ, ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಕಾಗದ, ತಂಬಿಗೆ ಎರಡನ್ನೂ ಕೈಗೆ ಕೊಟ್ಟ. ನಾನೂ ಬಾಟಲಿ ಹಿಡಿದುಕೊಂಡೇ ಹೋಗಿದ್ದೆ. ಬಟ್ಟೆ ಬಿಚ್ಚಿದೆ. ಹುಣಸೆಹಣ್ಣಿನ ವಾಸನೆ ಬಂತು. ಆಮೇಲೆ ಎತ್ತಿ ಪೂರ್ತಿ ಕುಡಿದೆ, ಅರ್ಧ ಸೀರೆಯ ಮೇಲೆ ಚೆಲ್ಲಿತು, ಮೂಗಿಗೆ ಹೋಗಿ ಕೆಮ್ಮಿದೆ. ನನ್ನ ಜೊತೆ ಬಂದಿದ್ದ ಅಪ್ಪ ಪಕ್ಕದಲ್ಲೇ ನಿಂತು ನೋಡಿದರು. "ಯಾರ ಮನೇದು?" ಎಂದರು. ರಸೂಲ್ ಸಾಬರ ಮನೇದು ಎಂದೆ. ಮನೆ ತಲುಪುವವರೆಗೆ ನನ್ನ ಜೊತೆ ಮಾತಾಡಲಿಲ್ಲ, ಇವತ್ತೂ ಇಲ್ಲ. ಮಾತಾಡದವರ ಸಂಖ್ಯೆ ನನಗೆ ಹೆಚ್ಚುತ್ತಿದೆ.

ನೀನು ಕ್ಷಮಿಸಬೇಡ. ನಾನು ಕೇಳಿಯೂ ಇಲ್ಲ. ಆದರೆ ತಂಬಿಗೆ ವಾಪಸ್ಸು ಕಳಿಸುವುದಿಲ್ಲ. ಅದು ನನ್ನದು ಎಂದು ನಿಮ್ಮ ಅಮ್ಮಿ ಹೇಳಿದ್ದಾರೆ, ನೀನೇ ಬರೆದಿದ್ದೀಯ.

ಪರೀಕ್ಷೆಗೆ ಇನ್ನೊಂದು ಮಾದರಿ ಬೇಕು. ಯಾರ ಕೈಲೂ ಕಳಿಸಬೇಡ. ಭಾನುವಾರ ಮೊದಲ ಬಸ್ಸಿಗೆ ನಾನೇ ಬಂದು ಸೇದಿಕೊಳ್ಳುತ್ತೇನೆ. ನೀನು ಬಾಗಿಲು ತೆಗೆಯದಿದ್ದರೂ ನಡೆಯುತ್ತದೆ, ಬಾವಿ ಹೊರಗೇ ಇದೆಯಲ್ಲ. ಬೆಳಿಗ್ಗೆ ರಾಟೆ ಕಿರುಗುಟ್ಟಿದರೆ ನಾನು ಬಂದೆ ಎಂದು ತಿಳಿದುಕೋ.

ಜಯಾ